ದೊಡ್ಡ ನಾಯಿಗೆ ಯಾವ ಗಾಡಿ?

ಬೆಳೆದ ಗಂಡು ಗ್ರೇಟ್ ಡೇನ್ ನೆಟ್ಟಗೆ ನಿಂತರೆ ಅದರ ಭುಜವೇ 76 ಸೆಂಟಿಮೀಟರ್ ದಾಟುತ್ತದೆ. ತೂಕ 55ರಿಂದ 80 ಕಿಲೋ. ಸೇಂಟ್ ಬರ್ನಾರ್ಡ್ ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಇಂಗ್ಲಿಷ್ ಮ್ಯಾಸ್ಟಿಫ್ ನೂರು ಕಿಲೋ ಮುಟ್ಟುವುದೂ ಉಂಟು. ಬೆಂಗಳೂರಿನ ಹವೆ ತಂಪು ಎಂಬ ನಂಬಿಕೆಯ ಮೇಲೆ ಇಂಥ ನಾಯಿಗಳು ನಮ್ಮ ಹಳೆಯ ಬಡಾವಣೆಗಳಿಗೂ ಬಂದಿವೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಕಾಂಪೌಂಡಿನೊಳಗೆ ಮಾವಿನ ಮರದ ನೆರಳಲ್ಲಿ ಮಲಗಿರುತ್ತವೆ, ಬೆಳಗಿನ ಜಾವ ಬ್ಯೂಗಲ್ ರಾಕ್ ಕಡೆಗೋ ಸ್ಯಾಂಕಿ ಕೆರೆಯ ರಸ್ತೆಗೋ ಯಜಮಾನರ ಜೊತೆ ನಡೆದು ಬರುತ್ತವೆ. ನಡೆದು ಹೋಗುವಷ್ಟು ದೂರದವರೆಗೆ ಯಾವ ತೊಂದರೆಯೂ ಇಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗೋ ಹೋಗಬೇಕಾಗಿ ಬಂದ ದಿನ ಗಾಡಿಯ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯನ್ನು ಬಹಳ ಮಂದಿ ನಾಯಿ ಪೂರ್ತಿ ಬೆಳೆದ ಮೇಲೆ ಕೇಳಿಕೊಳ್ಳುತ್ತಾರೆ. ಮರಿ ಮನೆಗೆ ಬರುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಅದು.

ಸ್ವಂತ ಗಾಡಿಯಿಲ್ಲದೆ ನಡೆಯುತ್ತದೆಯೇ? ಸಣ್ಣ ನಾಯಿಗಾದರೆ ನಡೆಯಬಹುದು. ನಮ್ಮ ಮೆಟ್ರೊದಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ. ಕೆಎಸ್‌ಆರ್‌ಟಿಸಿ 2022ರಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ನಾಯಿಗೆ ಅರ್ಧ ಟಿಕೆಟ್ ಎಂದು ನಿಯಮ ಬದಲಿಸಿ ಒಳ್ಳೆಯ ಕೆಲಸ ಮಾಡಿತು. ಆದರೂ ಮೆಟ್ಟಿಲು ಹತ್ತಿ, ಸೀಟುಗಳ ನಡುವಿನ ಇಕ್ಕಟ್ಟಿನಲ್ಲಿ 70 ಕಿಲೋ ನಾಯಿ ತಿರುಗಿ ನಿಲ್ಲುವುದೇ ಕಷ್ಟ. ರೈಲಿನಲ್ಲಿ ಮೊದಲ ದರ್ಜೆಯ ಎಸಿ ಕೂಪೆಯನ್ನು ಪೂರ್ತಿ ಕಾದಿರಿಸಿದರೆ ನಾಯಿಯನ್ನು ಜೊತೆಗೇ ಕರೆದೊಯ್ಯಬಹುದು. ಇಲ್ಲದಿದ್ದರೆ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆ, ಅದರಲ್ಲಿ ಗ್ರೇಟ್ ಡೇನ್ ನೆಟ್ಟಗೆ ನಿಲ್ಲುವುದು ಕನಸಿನ ಮಾತು. 2024ರಲ್ಲಿ ಊಬರ್ ಬೆಂಗಳೂರಿನಲ್ಲಿ ಸಾಕುಪ್ರಾಣಿಗಳಿಗೆಂದೇ ಸವಾರಿ ಶುರುಮಾಡಿತು. ಅದಕ್ಕೆ ಮುಂಚಿತವಾಗಿ ಕಾದಿರಿಸಬೇಕು, ಬರುವ ಕಾರು ಎಷ್ಟು ದೊಡ್ಡದು ಎಂಬುದು ನಮ್ಮ ಕೈಯಲ್ಲಿಲ್ಲ.

ಆಟೋ ವಿಷಯದಲ್ಲಿ ನನಗೆ ಗೌರವವಿದೆ. ಆಟೋದ ನೆಲ ತಗ್ಗು, ಪಕ್ಕ ತೆರೆದಿರುತ್ತದೆ, ಗಾಳಿ ಆಡುತ್ತದೆ. ಲ್ಯಾಬ್ರಡಾರ್ ಗಾತ್ರದ ನಾಯಿ ನಮ್ಮ ಕಾಲ ಬಳಿ ಸುಖವಾಗಿ ಕೂರುತ್ತದೆ. "ನಾಯಿ ಇದೆ ಅಣ್ಣ, ಡಾಕ್ಟರ ಹತ್ರ ಹೋಗ್ಬೇಕು" ಎಂದರೆ "ಕಚ್ಚಲ್ಲ ತಾನೆ?" ಎಂದಷ್ಟೇ ಕೇಳಿ ಹತ್ತಿಸಿಕೊಳ್ಳುವ ಚಾಲಕರು ಗಾಂಧಿ ಬಜಾರಿನ ಸ್ಟ್ಯಾಂಡಿನಲ್ಲಿ ಇವತ್ತಿಗೂ ಸಿಗುತ್ತಾರೆ. ಆದರೆ ಸೇಂಟ್ ಬರ್ನಾರ್ಡ್ ಅದರೊಳಗೆ ಕೂತರೆ ತಲೆ ಹೊರಗೆ ಉಳಿಯುತ್ತದೆ. ಪಕ್ಕದಲ್ಲಿ ಬಸ್ಸು ಉಜ್ಜಿಕೊಂಡು ಹೋಗುವ ಕೆ.ಆರ್. ರಸ್ತೆಯಲ್ಲಿ ಅದು ಸಹಿಸಬಹುದಾದ ಅಪಾಯವಲ್ಲ. 2022ರಲ್ಲಿ ಕಿರಣ್‌ರಾಜ್ ನಿರ್ದೇಶನದ '777 ಚಾರ್ಲಿ' ಬಂದ ಮೇಲೆ ಬೈಕಿಗೆ ಸೈಡ್‌ಕಾರ್ ಹಾಕಿಸಿ ನಾಯಿಯನ್ನು ಕೂರಿಸಿಕೊಂಡು ಹೋಗುವ ಆಸೆ ಅನೇಕರಿಗೆ ಹುಟ್ಟಿತು. ಆ ಚಿತ್ರದ ಚಾರ್ಲಿ ಲ್ಯಾಬ್ರಡಾರ್. ಅದರ ಎರಡು ಪಟ್ಟು ತೂಗುವ, ನಿಂತರೆ ಚಾಲಕನ ಭುಜ ಮುಟ್ಟುವ ನಾಯಿಗೆ ಆ ತೊಟ್ಟಿ ಸಾಲದು.

ಹಾಗಾಗಿ ಸ್ವಂತ ಗಾಡಿಯ ಮಾತಿಗೇ ಬರಬೇಕು. ದೊಡ್ಡ ನಾಯಿ, ಆದ್ದರಿಂದ ದೊಡ್ಡ ಎತ್ತರದ ಜೀಪಿನಂಥ ಗಾಡಿ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಲೆಕ್ಕ. ನಮ್ಮ ಬೀದಿಯ ಹಿರಿಯರೊಬ್ಬರು ಮ್ಯಾಸ್ಟಿಫ್ ತಂದ ವರ್ಷ ಇದನ್ನೇ ಹೇಳಿದರು: "ಸ್ಕಾರ್ಪಿಯೊ ತಗೊಳ್ಳೋಣ ಅಂತಿದೀನಿ ಕಣ್ರೀ, ಇವನಿಗೆ ಅಂತಾನೇ."

"ತಗೊಳ್ಳಿ ರಾಯರೇ. ಆದ್ರೆ ಇವನಿಗೆ ಕಾಲು ಬಾರದ ದಿನ ಎತ್ತಿ ಒಳಗೆ ಹಾಕೋರು ಯಾರು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ: ಭಾರೀ ನಾಯಿಗೆ ಗಾಡಿ ನೋಡುವಾಗ ಅದು ಎರಡು ವರ್ಷದ ಹುರುಪಿನಲ್ಲಿ ಜಿಗಿದು ಹತ್ತುವ ದಿನವನ್ನು ನೆನೆಯಬಾರದು, ನಡುರಾತ್ರಿಯಲ್ಲಿ ಅದನ್ನು ಎತ್ತಿ ಮಲಗಿಸಬೇಕಾದ ದಿನವನ್ನು ನೆನೆಯಬೇಕು. ಆಗ ಎಂಜಿನ್ನು, ಬ್ರ್ಯಾಂಡು, ಬಣ್ಣ ಎಲ್ಲ ಹಿಂದೆ ಸರಿದು ಒಂದೇ ಅಳತೆ ಮುಂದೆ ಬರುತ್ತದೆ. ಗಾಡಿಯ ಒಳನೆಲ ರಸ್ತೆಯಿಂದ ಎಷ್ಟು ಎತ್ತರದಲ್ಲಿದೆ?

ನಾಯಿಯನ್ನು ಎತ್ತಬೇಕಾದ ದಿನ ಬರುವುದು ಅಪರೂಪಕ್ಕಲ್ಲ. ಗ್ರೇಟ್ ಡೇನಿನ ಆಯಸ್ಸು ಸಾಮಾನ್ಯವಾಗಿ 7ರಿಂದ 10 ವರ್ಷ. ಐದಾರು ವರ್ಷಕ್ಕೇ ಮುಪ್ಪಿನ ಕುರುಹು ಕಾಣತೊಡಗುತ್ತದೆ. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿಗೇ 15 ವರ್ಷದ ಅವಧಿ ಇದೆ. ಅಂದರೆ ಮರಿಯ ಜೊತೆ ಕೊಂಡ ಕಾರು ಆ ನಾಯಿಯ ಪೂರ್ತಿ ಬದುಕನ್ನು ನೋಡುತ್ತದೆ, ಅದರಲ್ಲಿ ಕೊನೆಯ ಕೆಲವು ವರ್ಷ ಹಿಂಗಾಲು ಸೋತ ನಾಯಿಯನ್ನೇ ಹೊರಬೇಕಾಗಬಹುದು. ಸೊಂಟದ ಕೀಲು ಸಡಿಲವಾಗುವ ತೊಂದರೆ ಭಾರೀ ತಳಿಗಳಲ್ಲಿ ಹೆಚ್ಚು. ಮರಿಯಾಗಿದ್ದಾಗಲೂ ಜಿಗಿಸುವಂತಿಲ್ಲ, ಈ ತಳಿಗಳ ಮೂಳೆಯ ತುದಿಗಳು ಗಟ್ಟಿಯಾಗಲು ಒಂದೂವರೆ ವರ್ಷಕ್ಕಿಂತ ಹೆಚ್ಚೇ ಹಿಡಿಯುತ್ತದೆ, ಅಷ್ಟರೊಳಗೆ ಎತ್ತರದಿಂದ ದಿನವೂ ಧುಮುಕಿದರೆ ಮುಂಗಾಲಿನ ಕೀಲುಗಳಿಗೆ ಪೆಟ್ಟು. ತಾನಾಗಿ ಹತ್ತಿ ಇಳಿಯಬಲ್ಲ ಮಧ್ಯದ ಕಾಲ ಬಹಳ ಕಡಿಮೆ.

ಇನ್ನೊಂದು, ಹೊಟ್ಟೆಯುಬ್ಬರ. ಎದೆಗೂಡು ಆಳವಾಗಿರುವ ನಾಯಿಗಳಲ್ಲಿ ಜಠರ ಗಾಳಿ ತುಂಬಿ ಉಬ್ಬಿ, ತನ್ನ ಸುತ್ತಲೇ ತಿರುಚಿಕೊಳ್ಳುತ್ತದೆ. ರಕ್ತದ ಹರಿವು ನಿಲ್ಲುತ್ತದೆ. ಈ ಕಾಯಿಲೆ ಬರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚಿರುವ ತಳಿಗಳಲ್ಲಿ ಗ್ರೇಟ್ ಡೇನ್ ಮೊದಲ ಸಾಲಿನದು. ನಾಯಿ ಒಂದೇ ಸಮ ವಾಂತಿಗೆ ಉಬ್ಬಳಿಸುತ್ತದೆ, ಏನೂ ಹೊರಗೆ ಬರುವುದಿಲ್ಲ, ಜೊಲ್ಲು ಸುರಿಯುತ್ತದೆ, ಹೊಟ್ಟೆ ಬಿಗಿಯುತ್ತದೆ, ಕೂರಲಾರದು, ಮಲಗಲಾರದು. ಶಸ್ತ್ರಚಿಕಿತ್ಸೆ ಬಿಟ್ಟು ಬೇರೆ ದಾರಿಯಿಲ್ಲ, ಕೆಲವೇ ಗಂಟೆಗಳಲ್ಲಿ ಆಗಬೇಕು. ಮಲ್ಲೇಶ್ವರದಿಂದ ಹೆಬ್ಬಾಳ ಆರೇಳು ಕಿಲೋಮೀಟರು. ಬಸವನಗುಡಿಯಿಂದ ಅದರ ಎರಡು ಪಟ್ಟು, ನಡುವೆ ಇಡೀ ಪೇಟೆಯ ದಟ್ಟಣೆ. ಸರ್ಕಾರದ ಪಶು ಸಂಜೀವಿನಿ ಆಂಬುಲೆನ್ಸಿಗಾಗಿ 1962ಕ್ಕೆ ಕರೆ ಮಾಡಬಹುದು, ಖಾಸಗಿ ಆಂಬುಲೆನ್ಸುಗಳೂ ಊರಲ್ಲಿವೆ. ಆದರೂ ಅವು ಬರುವ ತನಕ ಕಾಯುವ ಹೊತ್ತು ನಾಯಿಯ ಪಾಲಿನದು. ಮನೆಯ ಮುಂದೆ ನಿಂತ ಗಾಡಿಗೆ ಅದನ್ನು ಐದು ನಿಮಿಷದಲ್ಲಿ ಹತ್ತಿಸಲು ಸಾಧ್ಯವಾಗಬೇಕು.

ಹತ್ತಿಸುವುದು ಹೇಗೆ? ಮನೆಯಲ್ಲಿರುವ ಗಟ್ಟಿ ಜಮಖಾನ ಸಾಕು. ನಾಯಿಯನ್ನು ಅದರ ಮೇಲೆ ಪಕ್ಕಕ್ಕೆ ಉರುಳಿಸಿ, ಎರಡೂ ತುದಿ ಸುತ್ತಿ ಹಿಡಿದು ಇಬ್ಬರು ಒಟ್ಟಿಗೆ ಎತ್ತಬೇಕು. 70 ಕಿಲೋ ನಾಯಿಯಾದರೆ ಒಬ್ಬೊಬ್ಬರಿಗೆ 35 ಕಿಲೋ. ಮೊಣಕಾಲೆತ್ತರದ ನೆಲಕ್ಕೆ ಅದನ್ನು ಸರಿಸಿ ಇಡುವುದು ಅರವತ್ತು ದಾಟಿದ ದಂಪತಿಗೂ ಹೇಗೋ ಆದೀತು. ಸೊಂಟದೆತ್ತರದ ಡಿಕ್ಕಿಗೆ ಏರಿಸಲು ಆಗುವುದಿಲ್ಲ. ಈ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಮಕ್ಕಳು ಅಮೆರಿಕದಲ್ಲೋ ವೈಟ್‌ಫೀಲ್ಡಿನಲ್ಲೋ ಇದ್ದಾರೆ, ರಾತ್ರಿ ಎರಡು ಗಂಟೆಗೆ ಎತ್ತಲು ಇರುವವರು ಇಬ್ಬರೇ. ಆದ್ದರಿಂದ ಷೋರೂಮಿಗೆ ಹೋದಾಗ ನಾನು ಹೇಳುವ ಪರೀಕ್ಷೆ ಬಹಳ ಸರಳ: ಡಿಕ್ಕಿ ತೆಗೆಸಿ, ಅದರ ಅಂಚಿನ ಪಕ್ಕ ನಿಲ್ಲಿ. ಅಂಚು ನಿಮ್ಮ ಮೊಣಕಾಲಿನ ಹತ್ತಿರವಿದ್ದರೆ ಮುಂದಿನ ಮಾತು. ತೊಡೆಯ ಮಧ್ಯಕ್ಕಿಂತ ಮೇಲಿದ್ದರೆ ಆ ಗಾಡಿ ಎಷ್ಟೇ ಚಂದವಿರಲಿ ಬಿಟ್ಟುಬಿಡಿ.

ಇಳಿಜಾರು ಹಲಗೆ ಇಟ್ಟರಾಯಿತಲ್ಲ ಎನ್ನುತ್ತಾರೆ. ಹಲಗೆ ಬೇಕೇ ಬೇಕು, ಅದರ ಲೆಕ್ಕವನ್ನೂ ಮಾಡಬೇಕು. ಡಿಕ್ಕಿಯ ಅಂಚು 75 ಸೆಂಟಿಮೀಟರ್ ಎತ್ತರವಿದ್ದು ಹಲಗೆ ಒಂದೂವರೆ ಮೀಟರ್ ಇದ್ದರೆ ಇಳಿಜಾರು 30 ಡಿಗ್ರಿ. ಕಾಲು ನೋಯುವ ನಾಯಿ ಅದನ್ನು ನೋಡಿಯೇ ಹಿಂದೆ ಸರಿಯುತ್ತದೆ. ಅದೇ ಹಲಗೆಗೆ 50 ಸೆಂಟಿಮೀಟರ್ ಎತ್ತರವಾದರೆ ಕೋನ 20 ಡಿಗ್ರಿಯ ಒಳಗೆ ಬರುತ್ತದೆ, ನಾಯಿ ನಡೆದು ಹತ್ತುತ್ತದೆ. ಎತ್ತರದ ಗಾಡಿಗೂ 20 ಡಿಗ್ರಿಯೇ ಬೇಕೆಂದರೆ ಹಲಗೆ ಎರಡು ಮೀಟರಿಗಿಂತ ಉದ್ದವಾಗುತ್ತದೆ, ಅದನ್ನು ಇಡಲು ಗಾಡಿಯ ಹಿಂದೆ ಅಷ್ಟು ಜಾಗ, ನಾಯಿ ತಿರುಗಿ ನಿಲ್ಲಲು ಇನ್ನಷ್ಟು ಜಾಗ. ಡಿ.ವಿ.ಜಿ. ರಸ್ತೆಯಲ್ಲೋ ಸಂಪಿಗೆ ರಸ್ತೆಯ ಅಡ್ಡರಸ್ತೆಯಲ್ಲೋ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ನಿಂತ ಕಾರುಗಳ ನಡುವೆ ಆ ಜಾಗ ಎಲ್ಲಿಂದ ಬರಬೇಕು? ನಮ್ಮ ರಸ್ತೆಗಳಲ್ಲಿ ಪಕ್ಕದಿಂದ, ಫುಟ್‌ಪಾತಿನ ಕಡೆಯಿಂದ ಹತ್ತಿಸಬಲ್ಲ ಗಾಡಿಗೆ ಬೆಲೆ ಹೆಚ್ಚು. ಫುಟ್‌ಪಾತಿನ ಕಲ್ಲಿನಿಂದಲೇ ಅರ್ಧ ಅಡಿ ಎತ್ತರ ಉಳಿಯುತ್ತದೆ. ಹಲಗೆಯನ್ನು ಅಂಗಡಿಯಲ್ಲೇ ಕೊಳ್ಳಬೇಕೆಂದಿಲ್ಲ. ಮುಕ್ಕಾಲು ಇಂಚಿನ ಪ್ಲೈವುಡ್ಡಿಗೆ ಒರಟು ರಬ್ಬರು ಅಂಟಿಸಿ, ಅಡಿಗೆ ಪಟ್ಟಿ ಹೊಡೆದು ಯಾವ ಬಡಗಿಯಾದರೂ ಮಾಡಿಕೊಡುತ್ತಾನೆ. ಅಗಲ ಒಂದೂವರೆ ಅಡಿಗಿಂತ ಕಡಿಮೆಯಾಗದಿರಲಿ.

ಇನ್ನು ಗಾಡಿಯನ್ನು ನಿಲ್ಲಿಸುವ ಜಾಗ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಮೂರೂ 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ವೇಗವಾಗಿ ತುಂಬಿಕೊಂಡವು. ಆಗ ಕಾರಿನ ಮಾತೇ ಇರಲಿಲ್ಲ. ಷೆಡ್ಡುಗಳು ಬಂದದ್ದು ಆಮೇಲೆ, ಬಹುಪಾಲು ಫಿಯೆಟ್ ಮತ್ತು ಅಂಬಾಸಡರ್ ಕಾಲದಲ್ಲಿ. ಫಿಯೆಟ್ ಎಂದೇ ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಅಗಲ 1460 ಮಿಲಿಮೀಟರ್, ಅಂಬಾಸಡರಿನದು 1660ರ ಆಸುಪಾಸು. ಎರಡು ಕಡೆ ಬಾಗಿಲು ತೆಗೆಯುವಷ್ಟು ಬಿಟ್ಟು ಗೋಡೆ ಎಬ್ಬಿಸಿದರು, ಅದಕ್ಕೆ ತಕ್ಕಂತೆ ಗೇಟು ಇಟ್ಟರು. ಆಸ್ತಿ ಪಾಲಾದಾಗ ಎಷ್ಟೋ ಕಡೆ ಆ ಗೇಟೂ ಅರ್ಧವಾಯಿತು. ಇವತ್ತಿನ ಸ್ಕಾರ್ಪಿಯೊ-ಎನ್ ಅಗಲ 1917 ಮಿಲಿಮೀಟರ್. ಇನ್ನೋವಾ ಕ್ರಿಸ್ಟಾ 1830. ಕನ್ನಡಿಗಳನ್ನು ಇದರಲ್ಲಿ ಸೇರಿಸಿಲ್ಲ. ಈ ಗಾಡಿಗಳು ಷೆಡ್ಡಿನೊಳಗೆ ಹೋದರೂ ಬಾಗಿಲು ತೆರೆಯುವುದಿಲ್ಲ, ಹಿಂದಿನಿಂದ ನಾಯಿ ಹತ್ತಿಸಲು ಗಾಡಿಯನ್ನು ಮತ್ತೆ ಬೀದಿಗೆ ತರಬೇಕು. ಅಂಬಾಸಡರನ್ನು ಇಲ್ಲಿ ನೆನೆಯಲೇಬೇಕು. ಅಗಲವಾಗಿ ತೆರೆಯುವ ಹಿಂಬಾಗಿಲು, ಸೋಫಾದಷ್ಟು ಉದ್ದನೆಯ ಸೀಟು ಇದ್ದ ಆ ಕಾರಿನಲ್ಲಿ ಅಲ್ಸೇಶಿಯನ್ನುಗಳು ಎಷ್ಟೋ ದಶಕ ನಿಶ್ಚಿಂತೆಯಾಗಿ ಓಡಾಡಿದವು. 2014ರಲ್ಲಿ ಅದರ ತಯಾರಿಕೆ ನಿಂತಿತು.

ಹಳೆಯ ಷೆಡ್ಡಿಗೆ ಇವತ್ತಿಗೂ ಸಲೀಸಾಗಿ ಹೋಗುವುದು ಮಾರುತಿ ಈಕೋ. ಅದರ ಅಗಲ 1475 ಮಿಲಿಮೀಟರ್, ಹಳೆಯ ಫಿಯೆಟ್ಟಿಗಿಂತ ಒಂದೂವರೆ ಸೆಂಟಿಮೀಟರ್ ಮಾತ್ರ ಹೆಚ್ಚು. ಉದ್ದ 3675, ಫಿಯೆಟ್ಟಿಗಿಂತ ಕಡಿಮೆ. ಎತ್ತರ ಮಾತ್ರ 1825, ಹಾಗಾಗಿ ಷೆಡ್ಡಿನ ಮೇಲ್ಕಟ್ಟನ್ನು ಒಮ್ಮೆ ಅಳೆಯಿರಿ. ಇದಕ್ಕೂ ಮುಂಚೆ 1984ರಿಂದ 2019ರವರೆಗೆ ಬಂದ ಓಮ್ನಿಯನ್ನು ನಾಯಿ ಸಾಕುವವರು, ಹೂವಿನ ವ್ಯಾಪಾರಿಗಳು, ಅಡುಗೆ ಕಂಟ್ರಾಕ್ಟರುಗಳು ಒಂದೇ ಕಾರಣಕ್ಕೆ ಮೆಚ್ಚಿದ್ದರು: ಪಕ್ಕದ ಬಾಗಿಲು ಜಾರುತ್ತದೆ, ಹೊರಗೆ ತೆರೆದುಕೊಳ್ಳುವುದಿಲ್ಲ. ಈಕೋದಲ್ಲೂ ಅದೇ ಬಾಗಿಲು. ಎರಡು ಅಡಿ ಜಾಗದಲ್ಲಿ ನಿಂತು ನಾಯಿಯನ್ನು ಒಳಗೆ ಸೇರಿಸಬಹುದು. ಆದರೆ ಇದರ ಕೊರತೆಯನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ ಒಂದು ನಕ್ಷತ್ರವೂ ಸಿಗಲಿಲ್ಲ. ಆಮೇಲೆ ಏರ್‌ಬ್ಯಾಗುಗಳು ಬಂದಿವೆ, ಹಳೆಯ ಈಕೋ ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು. ಎಸಿ ಇರುವ ಮಾದರಿಯಲ್ಲೂ ತಂಪು ಹಿಂದಿನ ತನಕ ತಲುಪಲು ಹೊತ್ತು ಹಿಡಿಯುತ್ತದೆ. ಊರೊಳಗಿನ ಓಡಾಟಕ್ಕೆ, ಆಸ್ಪತ್ರೆಗೆ ನಾನು ಅದನ್ನೇ ಹೇಳುತ್ತೇನೆ. ಹೆದ್ದಾರಿಯಲ್ಲಿ ವಾರವಾರ ಮೈಸೂರಿಗೆ ಹೋಗುವವರಿಗೆ ಹೇಳಲಾರೆ.

ಈಕೋದಂಥ ಗಾಡಿಯಲ್ಲಿ ಇನ್ನೊಂದು ತೊಡಕು. ಐದು ಸೀಟಿನ ಗಾಡಿಯ ಹಿಂದಿನ ಸೀಟನ್ನು ಬಿಚ್ಚಿ ಮೂಲೆಗೆ ಹಾಕಿ ನೆಲ ಸಪಾಟು ಮಾಡಿಕೊಳ್ಳುವ ಅಭ್ಯಾಸ ಅನೇಕರಿಗಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಆರ್‌ಸಿಯಲ್ಲಿ ಬರೆದ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವುದಕ್ಕೆ ತಡೆ ಹಾಕಿದೆ. ಸೀಟುಗಳ ಸಂಖ್ಯೆ ಅಂಥ ವಿವರ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಸೀಟಿಗೆ ಕೈಹಾಕಬೇಡಿ, ಅಪಘಾತವಾದರೆ ವಿಮೆಯವರು ಮೊದಲು ಅದನ್ನೇ ಹಿಡಿಯುತ್ತಾರೆ. ಮಡಚುವ ಸೀಟಿಗೆ ಈ ತಕರಾರಿಲ್ಲ. ಕಂಪನಿಯೇ ತೆಗೆದಿಡುವಂತೆ ರೂಪಿಸಿದ ಸೀಟೂ ಇದೆ: 2019ರಲ್ಲಿ ಬಂದ ರೆನೋ ಟ್ರೈಬರಿನ ಮೂರನೆಯ ಸಾಲನ್ನು ಮನೆಯಲ್ಲೇ ಕಳಚಿ ಇಡಬಹುದು. ಆಗ 625 ಲೀಟರಿನ ಡಿಕ್ಕಿ ಸಿಗುತ್ತದೆ, ನಡುಸಾಲಿನ ಒಂದು ಭಾಗವನ್ನೂ ಮಡಚಿದರೆ ಗ್ರೇಟ್ ಡೇನ್ ಉದ್ದಕ್ಕೆ ಮಲಗುತ್ತದೆ. ಉದ್ದ ನಾಲ್ಕು ಮೀಟರಿನ ಒಳಗೇ ಇದ್ದು ಹಿಂದಿನ ಸಾಲುಗಳಿಗೂ ಎಸಿ ಗಾಳಿಯ ಕಿಂಡಿಗಳಿರುವುದು ಇದರ ಒಳ್ಳೆಯ ಗುಣ. ಅಗಲ 1739, ಅಂಬಾಸಡರ್ ನಿಂತಿದ್ದ ಷೆಡ್ಡಿಗೆ ಬಿಗಿಯಾಗಿ ಆದರೂ ಹೋಗುತ್ತದೆ.

ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ, ಜೊತೆಗೆ ಸೇಂಟ್ ಬರ್ನಾರ್ಡ್. ಹೀಗೆ ಎಲ್ಲರೂ ಒಟ್ಟಿಗೆ ಊರಿಗೆ ಹೋಗಬೇಕೆಂದರೆ ಸಣ್ಣ ಗಾಡಿಯಲ್ಲಿ ಆಗುವುದಿಲ್ಲ. ಆಗ ಇನ್ನೋವಾದಂಥದೇ ಬೇಕು. ನಮ್ಮ ಬಿಡದಿಯಲ್ಲೇ 2000ದಲ್ಲಿ ಕ್ವಾಲಿಸ್, 2005ರಿಂದ ಇನ್ನೋವಾ ತಯಾರಾಗಿ ಇಡೀ ದೇಶಕ್ಕೆ ಹೋದವು. ಕ್ವಾಲಿಸಿನ ಹಿಂಭಾಗದಲ್ಲಿ ನಾಯಿ ಮಲಗಿಸಿಕೊಂಡು ಮಲೆನಾಡಿನ ಮದುವೆಗಳಿಗೆ ಹೋಗಿಬಂದ ಕುಟುಂಬಗಳು ಬೇಕಾದಷ್ಟಿವೆ. ಕ್ರಿಸ್ಟಾವರೆಗಿನ ಇನ್ನೋವಾಗಳು ಲಾರಿಯಂತೆ ಚಾಸಿ ಮೇಲೆ ಕೂತವು, ನೆಲ ಎತ್ತರ. 2022ರ ಕೊನೆಯಲ್ಲಿ ಬಂದ ಹೈಕ್ರಾಸ್‌ಗೆ ಚಾಸಿ ಬೇರೆಯಿಲ್ಲ, ಹಿಂಚಕ್ರಕ್ಕೆ ಹೋಗುವ ದಂಡವೂ ಇಲ್ಲ, ಹಾಗಾಗಿ ನೆಲ ತಗ್ಗಿದೆ. ನಾಯಿಯ ದೃಷ್ಟಿಯಿಂದ ಇದು ದೊಡ್ಡ ಸುಧಾರಣೆ. ಉದ್ದದಲ್ಲಿ ಎರ್ಟಿಗಾ ಟ್ರೈಬರಿಗೂ ಇನ್ನೋವಾಗೂ ನಡುವೆ ನಿಲ್ಲುತ್ತದೆ, ಅಗಲ 1735. ಸಿಎನ್‌ಜಿ ಮಾದರಿಯಾದರೆ ಡಿಕ್ಕಿಯಲ್ಲಿ ಸಿಲಿಂಡರ್ ಎಲ್ಲಿ ಕೂತಿದೆ ಎಂದು ಕಣ್ಣಾರೆ ನೋಡದೆ ಮುಂಗಡ ಕೊಡಬೇಡಿ. ವಿದ್ಯುತ್ ಕಾರುಗಳಲ್ಲಿ ಬ್ಯಾಟರಿ ಅಡಿಯಲ್ಲಿರುವುದರಿಂದ ನೆಲ ಸ್ವಲ್ಪ ಮೇಲೇರುತ್ತದೆ, ಆದರೆ ಎಂಜಿನ್ ಇಲ್ಲದೆಯೇ ಎಸಿ ನಡೆಯುತ್ತದೆ, ಡೀಸೆಲ್ ವಾಸನೆಯೂ ಅದುರಾಟವೂ ಇಲ್ಲ. ಪ್ರಯಾಣದಲ್ಲಿ ವಾಂತಿ ಮಾಡುವ ನಾಯಿಗಳಿಗೆ ಇದು ಹಿತ.

ಗಾಡಿ ಅಳೆಯುವ ಮೊದಲು ನಾಯಿಯನ್ನು ಅಳೆಯಬೇಕು. ವಿಮಾನದಲ್ಲಿ ನಾಯಿ ಕಳಿಸುವಾಗ ಪೆಟ್ಟಿಗೆಯ ಗಾತ್ರಕ್ಕೆ ಐಎಟಿಎ ಸಂಸ್ಥೆ ಬಳಸುವ ಸೂತ್ರ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಬೇಕಾದ ಉದ್ದ. ಭುಜಗಳ ಅಗಲದ ಎರಡು ಪಟ್ಟು ಬೇಕಾದ ಅಗಲ. ನಿಂತಾಗ ತಲೆಯ ಅಥವಾ ನಿಮಿರಿದ ಕಿವಿಯ ತುದಿ ಬೇಕಾದ ಎತ್ತರ. ಮೂಗಿನಿಂದ ಬಾಲದವರೆಗೆ 110, ಮೊಣಕೈ 50, ಭುಜದಗಲ 30, ತಲೆಯೆತ್ತರ 100 ಸೆಂಟಿಮೀಟರ್ ಇರುವ ನಾಯಿ ನಿಮ್ಮದೆಂದುಕೊಳ್ಳಿ; 135 ಉದ್ದ, 60 ಅಗಲ, 100 ಎತ್ತರದ ಜಾಗ ಬೇಕು. ಈ ಮೂರು ಅಂಕಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಟೇಪು ಹಿಡಿದು ಹೋಗಿ. ಎತ್ತರದಲ್ಲಿ ಸ್ವಲ್ಪ ಕಡಿಮೆಯಾದರೆ ನಡೆದೀತು, ಬಹುತೇಕ ನಾಯಿಗಳು ಗಾಡಿ ಹೊರಟ ಮೇಲೆ ಮಲಗುತ್ತವೆ. ಉದ್ದದಲ್ಲಿ ಮಾತ್ರ ರಾಜಿ ಬೇಡ. ಡಿಕ್ಕಿಯ ಬಾಗಿಲಿನ ಇಳಿಜಾರನ್ನೂ ಗಮನಿಸಿ. ಹಿಂದಿನ ಗಾಜು ಒಳಕ್ಕೆ ವಾಲಿರುವ ಚೆಲುವಿನ ಕಾರುಗಳಲ್ಲಿ ನೆಲದ ಉದ್ದ ಇರುತ್ತದೆ, ತಲೆಗೆ ಜಾಗವಿರುವುದಿಲ್ಲ.

ನಮ್ಮ ಮುಧೋಳ ನಾಯಿ ಈ ಲೆಕ್ಕದಲ್ಲಿ ಬೇರೆಯೇ ಜಾತಿ. ಬಾಗಲಕೋಟೆ ಜಿಲ್ಲೆಯ ಆ ಬೇಟೆನಾಯಿ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದದ್ದು, ಭುಜದೆತ್ತರದಲ್ಲಿ ಸುಮಾರು 70 ಸೆಂಟಿಮೀಟರ್ ಮುಟ್ಟಿದರೂ ತೂಕ 22ರಿಂದ 28 ಕಿಲೋ ಅಷ್ಟೆ. ಒಬ್ಬರೇ ಎತ್ತಬಹುದು, ಸಾಧಾರಣ ಹ್ಯಾಚ್‌ಬ್ಯಾಕ್ ಸಾಕು. ಅದಕ್ಕೆ ಬೇಕಾದದ್ದು ದಪ್ಪನೆಯ ಹಾಸು. ಮೈಯಲ್ಲಿ ಕೊಬ್ಬಿಲ್ಲ, ಚರ್ಮ ತೆಳು, ಗಟ್ಟಿ ನೆಲದ ಮೇಲೆ ಮೂಳೆ ಒತ್ತುತ್ತದೆ. ಹಳೆಯ ಬಡಾವಣೆಯಲ್ಲಿದ್ದು ಎತ್ತರದ ನಾಯಿ ಬೇಕೆನ್ನುವವರು ಗ್ರೇಟ್ ಡೇನಿಗೆ ಮೊದಲು ಮುಧೋಳವನ್ನು ಯೋಚಿಸಲಿ ಎಂಬುದು ನನ್ನ ಮನಸ್ಸಿನ ಮಾತು.

ಒಳಗೆ ಸೇರಿದ ನಾಯಿ ಸಡಿಲವಾಗಿರಬಾರದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಏನಕ್ಕಾದರೂ ಗುದ್ದಿ ನಿಂತರೆ ಒಳಗಿರುವ ನಾಯಿ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಆರು ಮೀಟರಿಗಿಂತ ಹೆಚ್ಚಿನ ಎತ್ತರದಿಂದ ಬಿದ್ದಾಗ ಬರುವ ವೇಗವೂ ಅಷ್ಟೇ. 70 ಕಿಲೋ ದೇಹ ಎರಡನೆಯ ಮಹಡಿಯಿಂದ ಚಾಲಕನ ಬೆನ್ನ ಮೇಲೆ ಬಿದ್ದಂತೆ. ನಾಯಿಯೂ ಉಳಿಯದೆ ಹೋಗಬಹುದು, ಮುಂದಿನವರೂ ಉಳಿಯದೆ ಹೋಗಬಹುದು. ಅಂಗಡಿಯಲ್ಲಿ ಸಿಗುವ ತೆಳು ನೈಲಾನ್ ಬೆಲ್ಟು ಲ್ಯಾಬ್ರಡಾರಿಗೆ ಸಾಕಾಗಬಹುದು, ಈ ತೂಕಕ್ಕೆ ನಂಬುವಂತಿಲ್ಲ. ಸೀಟಿನ ಬೆನ್ನ ಹಿಂದೆ ಗಾಡಿಯ ಮೈಗೇ ಬೋಲ್ಟು ಹಾಕಿ ನಿಲ್ಲಿಸಿದ ಕಬ್ಬಿಣದ ಜಾಲರಿ ಒಳ್ಳೆಯದು. ಚಾಮರಾಜಪೇಟೆಯ ಬದಿಯಲ್ಲೇ ಜೆ.ಸಿ. ರಸ್ತೆ ಇದೆ, ಕಾರಿನ ಬಿಡಿಭಾಗಗಳ ಅಂಗಡಿಗಳ ಸಾಲೇ ಅಲ್ಲಿದೆ. ನಿಮ್ಮ ಗಾಡಿಯ ಅಳತೆಗೆ ಹೇಳಿ ಮಾಡಿಸಿ. ಚೂಪು ಅಂಚು ಉಳಿಯದಂತೆ ನೋಡಿಕೊಳ್ಳಿ. ಜಾಲರಿಯ ಜೊತೆಗೆ ಎದೆ ಸುತ್ತುವ ಅಗಲ ಪಟ್ಟಿಗೆ ಗಿಡ್ಡ ಹಗ್ಗ ಇರಲಿ, ಬಾಗಿಲು ತೆರೆದ ಕೂಡಲೇ ರಸ್ತೆಗೆ ಹಾರದಂತೆ. ಕುತ್ತಿಗೆಯ ಕಾಲರಿಗೆ ಎಂದೂ ಕಟ್ಟಬೇಡಿ. ನೆಲಕ್ಕೆ ರಬ್ಬರಿನ ಒರಟು ಹಾಸು ಹಾಕಿ. ಉಗುರು ಜಾರುವ ನೆಲದ ಮೇಲೆ ಪ್ರತಿ ತಿರುವಿನಲ್ಲೂ ಒದ್ದಾಡಿದ ನಾಯಿ ಮುಂದಿನ ಸಲ ಗಾಡಿ ಹತ್ತುವುದಿಲ್ಲ.

ತುರ್ತಿಗೆ ಲಗೇಜ್ ಆಟೋ, ಟಾಟಾ ಏಸ್ ಕರೆಯುವವರಿದ್ದಾರೆ. ಸುತ್ತ ಮುಚ್ಚಿದ ಗಾಡಿಯಾಗಿ, ಮನೆಯವರೊಬ್ಬರು ಪಕ್ಕದಲ್ಲಿದ್ದರೆ ಬೇರೆ ಮಾತು. ತೆರೆದ ಗಾಡಿಯಲ್ಲಿ ಕಟ್ಟಿ ನಿಲ್ಲಿಸುವುದು ಬೇಡವೇ ಬೇಡ. ಹಾರನ್ನಿಗೆ ಬೆದರಿ ನಾಯಿ ಅಂಚಿನಿಂದ ಜಿಗಿದರೆ ಕಟ್ಟಿದ ಹಗ್ಗವೇ ನೇಣಾಗುತ್ತದೆ.

ಬೆಂಗಳೂರಿನ ಬಿಸಿಲನ್ನು ನಾವು ಲಘುವಾಗಿ ತೆಗೆದುಕೊಳ್ಳುತ್ತೇವೆ. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಯಿತು. ನಿಂತ ಕಾರಿಗೆ ಅಷ್ಟು ಬಿಸಿಲೂ ಬೇಕಿಲ್ಲ. 2005ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ ಬಿಸಿಲಲ್ಲಿ ನಿಂತ ಕಾರಿನ ಒಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರುತ್ತದೆ, ಅದರಲ್ಲಿ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ. ಹೊರಗೆ ಹಿತವಾದ 26 ಡಿಗ್ರಿ ಇದ್ದ ದಿನವೂ ಅರ್ಧ ಗಂಟೆಗೆ ಒಳಗೆ 43 ದಾಟೀತೆಂದು ಲೆಕ್ಕ. ಗಾಜನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚು ವ್ಯತ್ಯಾಸವಾಗಲಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರೇ ಗತಿ; ಮೈಶಾಖ 41 ದಾಟಿದರೆ ಒಳಗಿನ ಅಂಗಗಳು ಕೆಡಲು ಶುರು. ದಪ್ಪ ತುಪ್ಪಳದ ಸೇಂಟ್ ಬರ್ನಾರ್ಡಿಗೆ, ಗಿಡ್ಡ ಮೂತಿಯ ಮ್ಯಾಸ್ಟಿಫ್‌ಗಳಿಗೆ ಇನ್ನೂ ಬೇಗ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಎರಡು ನಿಮಿಷ ಹೂವು ತರುತ್ತೇನೆಂದು ಗಾಡಿಯಲ್ಲಿ ನಾಯಿ ಬಿಟ್ಟು ಇಳಿಯುವುದು ಬೇಡ. ಗಾಡಿ ಕೊಳ್ಳುವಾಗ ಎಸಿಯ ತಂಪು ನಾಯಿ ಮಲಗುವ ಜಾಗಕ್ಕೆ ಮುಟ್ಟುತ್ತದೆಯೇ ಎಂದು ಅಲ್ಲಿ ನೀವೇ ಹತ್ತು ನಿಮಿಷ ಕೂತು ನೋಡಿ. ಕಬ್ಬಿಣದ ಜಾಲರಿಯ ಬದಲು ದಪ್ಪ ಗಾಜೋ ಹಲಗೆಯೋ ಹಾಕಿಸಿದವರಲ್ಲಿ ತಂಪು ಮುಂದೆಯೇ ಉಳಿದುಬಿಡುತ್ತದೆ.

ದೂರದ ದಾರಿಗೆ 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ಒಳ್ಳೆಯ ಮಾತಿದೆ: ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ನಾಯಿಗೆ ನೀರು ಕೊಡಬೇಕು. ನಾನಾದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ಎನ್ನುತ್ತೇನೆ, ಭಾರೀ ನಾಯಿಯ ಕೀಲುಗಳು ಒಂದೇ ಮಗ್ಗುಲಲ್ಲಿ ಬಿಗಿದುಕೊಳ್ಳುತ್ತವೆ. ಹೊರಡುವ ಹೊತ್ತಿಗೆ ಹೊಟ್ಟೆ ತುಂಬ ಊಟ ಹಾಕಬೇಡಿ. ಹೊಟ್ಟೆಯುಬ್ಬರದ ಭಯ ಇಲ್ಲೂ ಇದೆ.

ಗಾಡಿ ಗೊತ್ತುಮಾಡುವ ಕೊನೆಯ ಸುತ್ತಿಗೆ ನಾಯಿಯನ್ನೇ ಕರೆದುಕೊಂಡು ಹೋಗಿ. ಮಾರುವವರು ಮೊದಲು ಹಿಂಜರಿಯಬಹುದು. ಹಳೆಯ ಬೆಡ್‌ಶೀಟು ಹಾಸುತ್ತೇವೆ ಎಂದು ಮೊದಲೇ ಫೋನಿನಲ್ಲಿ ಹೇಳಿದರೆ ಬಹಳ ಮಂದಿ ಒಪ್ಪುತ್ತಾರೆ. ಇಲ್ಲದಿದ್ದರೆ ಪರೀಕ್ಷಾ ಸವಾರಿಯ ಗಾಡಿಯನ್ನು ಮನೆಗೇ ತರಿಸಿ, ಅದು ಇನ್ನೂ ವಾಸಿ; ನಿಮ್ಮ ಗೇಟು, ನಿಮ್ಮ ಷೆಡ್ಡು, ನಿಮ್ಮ ಹಲಗೆ ಮೂರೂ ಒಟ್ಟಿಗೆ ಪರೀಕ್ಷೆಯಾಗುತ್ತವೆ. ಷೆಡ್ಡಿನೊಳಗೆ ನಿಲ್ಲಿಸಿ, ಹಲಗೆ ಇಟ್ಟು ನಾಯಿಯನ್ನು ಹತ್ತಿಸಿ. ಒಳಗೆ ಒಂದು ಸುತ್ತು ತಿರುಗಿ ಮಲಗುತ್ತದೆಯೇ ನೋಡಿ. ಆಮೇಲೆ ಅದನ್ನು ಇಳಿಸಿ, ಜಮಖಾನದಲ್ಲಿ ಅಷ್ಟೇ ತೂಕದ ಅಕ್ಕಿಮೂಟೆ ಇಟ್ಟು ಮನೆಯಲ್ಲಿರುವ ಇಬ್ಬರೇ ಎತ್ತಿ ಒಳಗಿಡಿ. ಇಡಲಾಗದಿದ್ದರೆ ಬೇರೆ ಗಾಡಿ ನೋಡಿ.